ಗೂಗಲ್‌ನಲ್ಲಿ ಮೊದಲ ಪುಟಕ್ಕೆ ಬಂದರೂ ಆರ್ಡರ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಐದು ಜನ ಹೆಣ್ಣುಮಕ್ಕಳು ಸೇರಿ ಬ್ಯಾಡಗಿ ಮೆಣಸಿನಪುಡಿ, ಸಾರಿನ ಪುಡಿ, ಮಸಾಲೆ ಖಾರ ಮಾಡಿ ಮಾರುತ್ತೇವೆ. ಹೋದ ವರ್ಷ ವೆಬ್‌ಸೈಟ್ ಮಾಡಿಸಿದೆವು. ಅದನ್ನು ಗೂಗಲ್‌ನಲ್ಲಿ ಮೇಲೆ ತರಲು ಒಂದು ಏಜೆನ್ಸಿಗೆ ತಿಂಗಳಿಗೆ 8,000 ರೂಪಾಯಿ ಕೊಡುತ್ತಿದ್ದೇವೆ. ‘ಬ್ಯಾಡಗಿ ಮೆಣಸಿನಕಾಯಿ ದರ’ ಎಂಬ ಕೀವರ್ಡ್ ಜನ ಜಾಸ್ತಿ ಹುಡುಕುತ್ತಾರೆ ಎಂದು ಅವರು ಅದಕ್ಕೇ ಒಂದು ಪುಟ ಮಾಡಿದರು. ಈಗ ಅದು ಗೂಗಲ್‌ನ ಮೊದಲ ಪುಟದಲ್ಲಿ ಬರುತ್ತದೆ. ತಿಂಗಳಿಗೆ ಆರೇಳು ಸಾವಿರ ಜನ ಬಂದು ಹೋಗುತ್ತಾರೆ. ಆರ್ಡರ್ ಮಾತ್ರ ಹತ್ತೋ ಹನ್ನೆರಡೋ, ಅದರಲ್ಲೂ ಅರ್ಧ ಪರಿಚಯದವರದ್ದೇ. ಏಜೆನ್ಸಿಯವರು ‘ಕೀವರ್ಡ್ ಇನ್ನೂ ಸಾಲದು, ನೂರು ಪದಕ್ಕೆ ಮೂರು ಸಲ ಬರಬೇಕು’ ಎನ್ನುತ್ತಾರೆ. ಗೂಗಲ್ ಜಾಹೀರಾತಿಗೆ ಹಾಕಿದ 6,000 ರೂಪಾಯಿ ಒಂದೇ ವಾರದಲ್ಲಿ ಖಾಲಿ ಆಯಿತು. ನನ್ನ ಮಗ ‘ಕೀವರ್ಡ್ ಕಾಲ ಮುಗೀತು, ಈಗ ಸರ್ಚ್ ಇಂಟೆಂಟ್ ನೋಡಬೇಕು’ ಎನ್ನುತ್ತಾನೆ. ಯಾರ ಮಾತು ನಂಬಲಿ? ದರದ ಪುಟ ತೆಗೆದುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಇಷ್ಟು ಜನ ಬಂದರೂ ಯಾಕೆ ಯಾರೂ ಕೊಳ್ಳುತ್ತಿಲ್ಲ ಎನ್ನುವುದು ಒಂದು. ಏಜೆನ್ಸಿ ಒಂದು ಹೇಳುತ್ತದೆ, ಮಗ ಇನ್ನೊಂದು ಹೇಳುತ್ತಾನೆ, ಯಾರನ್ನು ಕೇಳಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೇರ ಉತ್ತರ ಇದೆ. ಆ ಆರೇಳು ಸಾವಿರ ಜನ ನಿಮ್ಮ ಪುಡಿ ನೋಡಿ ಬೇಡ ಅಂದವರಲ್ಲ. ಅವರಲ್ಲಿ ಹೆಚ್ಚಿನವರು ಪುಡಿ ಕೊಳ್ಳಲು ಬಂದವರೇ ಅಲ್ಲ. ಹಾಗಾಗಿ ಈ ಲೆಕ್ಕ ನೋಡಿ ನಿಮ್ಮ ಮಾಲಿನ ಮೇಲೆ, ಬೆಲೆಯ ಮೇಲೆ ಅನುಮಾನ ಪಡಬೇಡಿ.

‘ಬ್ಯಾಡಗಿ ಮೆಣಸಿನಕಾಯಿ ದರ’ ಅಂತ ಮೊಬೈಲ್‌ನಲ್ಲಿ ಹುಡುಕುವವರು ಯಾರು? ಹೆಚ್ಚಾಗಿ ಬೆಳೆದವರು. ಒಣಗಿಸಿ, ಚೀಲ ತುಂಬಿ ಇಟ್ಟಿದ್ದಾರೆ. ಇವತ್ತು ಮೆಣಸಿನಕಾಯಿ ತಳಿಗಳಲ್ಲಿ ಡಬ್ಬಿ ಎಷ್ಟಕ್ಕೆ ಹೋಯಿತು, ಕಡ್ಡಿ ಎಷ್ಟು, ಗುಂಟೂರು ಎಷ್ಟು? ಈ ವಾರವೇ ಗಾಡಿ ಮಾಡಿಕೊಂಡು ಹೋಗಬೇಕೋ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕೋ? ಅವರ ಪ್ರಶ್ನೆ ಇದು. ಬೇಕಿರುವುದು ಕ್ವಿಂಟಲ್ ಲೆಕ್ಕದ ಒಂದು ಸಂಖ್ಯೆ. ಸಿಕ್ಕ ಕೂಡಲೇ ಪುಟ ಮುಚ್ಚುತ್ತಾರೆ. ಮನೆಯಲ್ಲಿ ಚೀಲಗಟ್ಟಲೆ ಮೆಣಸಿನಕಾಯಿ ಇರುವವರು ನಿಮ್ಮ ಅರ್ಧ ಕೆಜಿ ಪ್ಯಾಕೆಟ್ ಯಾಕೆ ಕೊಳ್ಳುತ್ತಾರೆ, ಅಲ್ವಾ?

ಇದನ್ನು ನೀವೇ ಪರೀಕ್ಷಿಸಬಹುದು. ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್ ನಡೆದು ವ್ಯಾಪಾರ ಜೋರು. ಗೂಗಲ್ ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಿಂದ ನಿಮ್ಮ ಸೈಟಿಗೆ ಎಷ್ಟು ಜನ ಬಂದರು ಎಂದು ತೋರಿಸುವ ಉಚಿತ ಸಾಧನ) ತೆರೆದು, ಆ ಒಂದು ಪುಟವನ್ನು ಮಾತ್ರ ಆರಿಸಿ, ದಿನದ ಲೆಕ್ಕ ನೋಡಿ. ಆ ಎರಡು ದಿನ ಗೆರೆ ಮೇಲೆದ್ದು ಉಳಿದ ದಿನ ಇಳಿಯುತ್ತಿದ್ದರೆ, ಬರುತ್ತಿರುವವರು ಯಾರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಡುಗೆಮನೆಗೆ ಪುಡಿ ಕೊಳ್ಳುವವರು ಟೆಂಡರ್ ದಿನ ನೋಡಿ ಹುಡುಕುವುದಿಲ್ಲ.

ನಿಮ್ಮ ಮಗ ಸರ್ಚ್ ಇಂಟೆಂಟ್ ಅಂದದ್ದು ಇದನ್ನೇ. ಟೈಪ್ ಮಾಡಿದ ಪದ ಕೀವರ್ಡ್. ಆ ಪದದ ಹಿಂದೆ ಇರುವ ಮನುಷ್ಯ ಏನು ಮಾಡಲು ಹೊರಟಿದ್ದಾನೆ ಎನ್ನುವುದು ಇಂಟೆಂಟ್. ಇದು ನಿನ್ನೆ ಮೊನ್ನೆ ಹುಟ್ಟಿದ ಮಾತೂ ಅಲ್ಲ. ಆಂಡ್ರೇ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ 2002ರಲ್ಲೇ, ಆಗ ಹೆಸರು ಮಾಡಿದ್ದ ಆಲ್ಟಾವಿಸ್ಟಾ ಎಂಬ ಸರ್ಚ್ ಎಂಜಿನ್‌ನ ಹುಡುಕಾಟಗಳನ್ನು ಕೂತು ವಿಂಗಡಿಸಿದ್ದರು. ಏನೋ ತಿಳಿದುಕೊಳ್ಳಲು ಹುಡುಕಿದವರು ಸುಮಾರು 48 ಶೇಕಡಾ. ಏನೋ ಕೊಳ್ಳಲು, ಡೌನ್‌ಲೋಡ್ ಮಾಡಲು, ಹೀಗೆ ಒಂದು ಕೆಲಸ ಮುಗಿಸಲು ಬಂದವರು 30 ಶೇಕಡಾ. ಗೊತ್ತಿರುವ ಒಂದು ಸೈಟಿಗೆ ಹೋಗಲು ದಾರಿ ಹುಡುಕಿದವರು 20 ಶೇಕಡಾ. ಕಾಲ ಬದಲಾಗಿದೆ, ಈಗಿನ ಪ್ರಮಾಣ ಅದೇ ಇರಬೇಕೆಂದಿಲ್ಲ. ಆದರೆ ಹುಡುಕುವವರೆಲ್ಲ ಕೊಳ್ಳುವವರಲ್ಲ ಎಂಬುದು ಇಷ್ಟು ವರ್ಷಗಳಿಂದ ಎಲ್ಲರಿಗೂ ಗೊತ್ತಿರುವ ಸಂಗತಿ. ಏಜೆನ್ಸಿಗೂ ಗೊತ್ತಿರಬೇಕಿತ್ತು.

ಹಾಗಾದರೆ ಅವರು ಆ ಪದ ಯಾಕೆ ಹಿಡಿದರು? ಗೂಗಲ್‌ನ ಕೀವರ್ಡ್ ಪ್ಲ್ಯಾನರ್‌ನಲ್ಲಿ ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ಕಾಣುತ್ತದೆ. ಯಾರು ಹುಡುಕುತ್ತಾರೆ, ಯಾಕೆ ಹುಡುಕುತ್ತಾರೆ ಎಂದು ಕಾಣುವುದಿಲ್ಲ. ದೊಡ್ಡ ಸಂಖ್ಯೆ ಕಂಡಿತು, ಹಿಡಿದರು. ಅದೇ ಪಟ್ಟಿಯಲ್ಲಿ ಸ್ಪರ್ಧೆ ಎಂಬ ಕಾಲಂ ಇರುತ್ತದೆ. ಅಲ್ಲಿ ‘ಕಡಿಮೆ’ ಅಂತ ಇದ್ದರೆ ಸುಲಭವಾಗಿ ಮೇಲೆ ಬರಬಹುದು ಎಂದು ತುಂಬಾ ಜನ ತಿಳಿಯುತ್ತಾರೆ. ಅದು ಜಾಹೀರಾತು ಕೊಡುವವರ ನಡುವಿನ ಸ್ಪರ್ಧೆ. ದರ ಕೇಳುವ ಪದಕ್ಕೆ ಜಾಹೀರಾತು ಕೊಡುವವರು ಕಡಿಮೆ ಇದ್ದರೆ, ಅಲ್ಲಿ ಮಾರಾಟ ಆಗುವುದಿಲ್ಲ ಎಂದು ಬೇರೆಯವರಿಗೆ ಮೊದಲೇ ಗೊತ್ತಾಗಿರಬಹುದು.

ಈಗ ನೂರಕ್ಕೆ ಮೂರು ಸಲ ಎಂಬ ಲೆಕ್ಕಕ್ಕೆ ಬರೋಣ. ಹಾಗೆಂದು ಗೂಗಲ್ ಎಲ್ಲೂ ಹೇಳಿಲ್ಲ. ಪದಗಳನ್ನು ಸುಮ್ನೆ ತುರುಕುವುದನ್ನು ಅದು ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಸೇರಿಸಿದೆ. ಪುಟದ ಹಿಂದೆ ಕೀವರ್ಡ್ ಪಟ್ಟಿ ಬರೆಯುವ ಮೆಟಾ ಕೀವರ್ಡ್ಸ್ ಟ್ಯಾಗ್ ಅನ್ನೂ ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು 2009ರಲ್ಲೇ ಹೇಳಿತ್ತು. ನಿಮ್ಮ ಏಜೆನ್ಸಿಯ ಬಿಲ್ಲಿನಲ್ಲಿ ಅದಕ್ಕೂ ದುಡ್ಡು ಹಾಕಿದ್ದರೆ ಕೇಳಿ. ಇನ್ನೊಂದು ಕಡೆಯಿಂದಲೂ ಯೋಚಿಸಿ. ‘ನಮ್ಮ ಬ್ಯಾಡಗಿ ಮೆಣಸಿನಕಾಯಿ ದರ ಉತ್ತಮ ಬ್ಯಾಡಗಿ ಮೆಣಸಿನಕಾಯಿ ದರ’ ಎಂಬಂಥ ವಾಕ್ಯ ಓದಿದ ಗಿರಾಕಿಗೆ ನಿಮ್ಮ ಪುಡಿಯ ಮೇಲೆ ನಂಬಿಕೆ ಬರುತ್ತದೆಯೇ?

ಒಂದು ಕಾಲದಲ್ಲಿ ಪದ ಎಣಿಸುವುದರಿಂದ ಲಾಭ ಇತ್ತು, ಅದು ನಿಜ. ಆಗ ಸರ್ಚ್ ಎಂಜಿನ್ ಹೆಚ್ಚಾಗಿ ಪದಕ್ಕೆ ಪದ ತಾಳೆ ಹಾಕುತ್ತಿತ್ತು. 2013ರಲ್ಲಿ ಹಮ್ಮಿಂಗ್‌ಬರ್ಡ್, 2015ರಲ್ಲಿ ರ‍್ಯಾಂಕ್‌ಬ್ರೇನ್, 2019ರಲ್ಲಿ ಬರ್ಟ್ ಎಂಬ ಹೊಸ ವ್ಯವಸ್ಥೆಗಳು ಬಂದ ಮೇಲೆ ಗೂಗಲ್ ಇಡೀ ವಾಕ್ಯದ ಅರ್ಥ ಹಿಡಿಯುವ ಕಡೆ ಹೋಯಿತು. ಬರ್ಟ್ ತಂದಾಗ ಗೂಗಲ್ ಒಂದು ಉದಾಹರಣೆ ಕೊಟ್ಟಿತ್ತು. ಬ್ರೆಜಿಲ್‌ನವರು ಅಮೆರಿಕಕ್ಕೆ ಹೋಗಲು ವೀಸಾ ಬೇಕೇ ಎಂದು ಹುಡುಕಿದರೆ, ಮೊದಲು ಅಮೆರಿಕದವರು ಬ್ರೆಜಿಲ್‌ಗೆ ಹೋಗುವ ಮಾಹಿತಿ ಬರುತ್ತಿತ್ತು. ಪದಗಳೆಲ್ಲ ಇದ್ದವು, ಯಾರು ಎಲ್ಲಿಗೆ ಎನ್ನುವುದೇ ತಪ್ಪಿತ್ತು. ಈಗ ಆ ವ್ಯತ್ಯಾಸ ಅದಕ್ಕೆ ತಿಳಿಯುತ್ತದೆ. ಹಾಗಾಗಿ ಒಂದೇ ಪದವನ್ನು ಐವತ್ತು ಸಲ ಬರೆಯುವ ಶ್ರಮ ವ್ಯರ್ಥ.

ಹಾಗಂತ ನಿಮ್ಮ ಮಗ ಹೇಳಿದ ಹಾಗೆ ಕೀವರ್ಡ್ ಕಾಲ ಮುಗಿದಿಲ್ಲ. ಉದ್ದೇಶ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅದರ ಸುಳಿವು ಸಿಗುವುದು ಜನ ಬರೆದ ಪದದಲ್ಲೇ. ‘ಬ್ಯಾಡಗಿ ಮೆಣಸಿನಕಾಯಿ’ ಜೊತೆ ಏನು ಸೇರಿದೆ ನೋಡಿ. ‘ಇಂದಿನ’, ‘ಕ್ವಿಂಟಲ್’, ‘ಎಪಿಎಂಸಿ’ ಸೇರಿದರೆ ರೈತ ಅಥವಾ ದಲಾಲಿ. ‘ಬೀಜ’, ‘ಸಸಿ’ ಸೇರಿದರೆ ಬಿತ್ತುವವರು. ‘ಪುಡಿ’, ‘1 ಕೆಜಿ’, ‘ಆನ್‌ಲೈನ್’ ಸೇರಿದರೆ ನಿಮ್ಮ ಗಿರಾಕಿ. ‘ಆಸ್ಟಾ’ ಎಂದು ಬಣ್ಣದ ಅಳತೆ ಕೇಳಿದವರು ಟನ್ ಲೆಕ್ಕದಲ್ಲಿ ಕೊಳ್ಳುವ ಕಾರ್ಖಾನೆಯವರೋ ರಫ್ತು ಮಾಡುವವರೋ ಆಗಿರುತ್ತಾರೆ. ಮುಂಬೈ, ಗೋವಾ ಕಡೆಯವರು ‘ಬೇಡ್ಗಿ ಮಿರ್ಚಿ’ ಎನ್ನುತ್ತಾರೆ. ಗಿರಾಕಿ ಆಡುವ ಪದ ನಿಮ್ಮ ಪುಟದಲ್ಲಿ ಇಲ್ಲದಿದ್ದರೆ ಅವರಿಗೆ ನೀವು ಸಿಗುವುದು ಕಷ್ಟ. ಆದರೆ ಒಂದೊಂದು ಕಾಗುಣಿತಕ್ಕೂ ಒಂದೊಂದು ಪುಟ ಮಾಡಿಸಬೇಡಿ. ಒಂದೇ ಪುಟದಲ್ಲಿ ‘ಮುಂಬೈ ಕಡೆ ಬೇಡ್ಗಿ ಎಂದು ಕರೆಯುವ’ ಅಂತ ಒಂದು ಸಲ ಸಹಜವಾಗಿ ಬರೆದರೆ ಸಾಕು.

ಉದ್ದೇಶ ಕಾಲಕ್ಕೆ ತಕ್ಕಂತೆ ಬದಲಾಗುವುದೂ ಉಂಟು. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಾಟೆ, ಬೆಂಕಿ ಆದದ್ದು ನಿಮಗೆ ನೆನಪಿದೆ. ಆ ವಾರ ಅದೇ ಪದ ಹುಡುಕಿದ ಎಷ್ಟೋ ಜನರಿಗೆ ಬೇಕಿದ್ದದ್ದು ಸುದ್ದಿ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸುವವರು ಇಡೀ ಮೆಣಸಿನಕಾಯಿ ಹುಡುಕುತ್ತಾರೆ. ಪದ ಒಂದೇ, ಜನ ಬೇರೆ ಬೇರೆ.

ಯಾವ ಪದಕ್ಕೆ ಯಾವ ಉದ್ದೇಶ ಎಂದು ಕಂಡುಕೊಳ್ಳಲು ದುಬಾರಿ ಟೂಲ್ ಬೇಡ. ಮೊಬೈಲ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ (ನಿಮ್ಮ ಹಳೆಯ ಹುಡುಕಾಟದ ನೆನಪು ಇಲ್ಲದ ಕಿಟಕಿ) ತೆರೆದು ಆ ಪದ ಹುಡುಕಿ. ಮೇಲಿನ ಹತ್ತು ಉತ್ತರ ಎಂಥವು ನೋಡಿ. ದರದ ಕೋಷ್ಟಕ, ಪತ್ರಿಕೆಯ ಸುದ್ದಿ ಬಂದರೆ ಅಲ್ಲಿ ಅಂಗಡಿ ತೆರೆಯುವುದು ದಂಡ. ಯೂಟ್ಯೂಬ್ ವಿಡಿಯೊ ಜಾಸ್ತಿ ಇದ್ದರೆ ಮಾಡುವ ವಿಧಾನ ಕೇಳುತ್ತಿದ್ದಾರೆ. ಬೆಲೆ ಹಾಕಿದ ಪ್ಯಾಕೆಟ್ ಚಿತ್ರಗಳು ಬಂದರೆ ಕೊಳ್ಳುವವರು. ನಕ್ಷೆ ಬಂದರೆ ಹತ್ತಿರದ ಅಂಗಡಿ ಹುಡುಕುವವರು. ಕೋಟ್ಯಂತರ ಜನ ಏನು ಒತ್ತಿದರು, ಏನು ಬಿಟ್ಟರು ಎಂಬುದನ್ನೂ ನೋಡಿ ಗೂಗಲ್ ಈ ಜೋಡಣೆ ಮಾಡುತ್ತದೆ. ನಮ್ಮ ಊಹೆಗಿಂತ ಅದು ಗಟ್ಟಿ. ಊರಿಂದ ಊರಿಗೆ ಫಲಿತಾಂಶ ಬೇರೆ ಇರಬಹುದು, ಹಾಗಾಗಿ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವ ನೆಂಟರಿಗೂ ಹುಡುಕಿ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಘೀ ರೋಸ್ಟ್‌ಗೆ, ಕೋರಿ ಗಸಿಗೆ ಬ್ಯಾಡಗಿಯೇ ಬೇಕು ಎನ್ನುವ ಕರಾವಳಿಯವರು ನಿಮಗೆ ಒಳ್ಳೆಯ ಗಿರಾಕಿಗಳು.

ಇನ್ನು ನಿಮ್ಮ ದರದ ಪುಟ. ಮೂರು ದಾರಿ ಇವೆ.

ತೆಗೆದುಹಾಕಬಹುದು. ಮಾರಾಟಕ್ಕೆ ನಷ್ಟ ಆಗುವುದಿಲ್ಲ ಎನ್ನಬಹುದು, ಆದರೆ ಭೇಟಿಯ ಸಂಖ್ಯೆ ಪಾತಾಳಕ್ಕೆ ಇಳಿಯುತ್ತದೆ. ಅದನ್ನು ನೋಡಿ ಗಾಬರಿ ಆಗಬೇಡಿ. ತೆಗೆಯುವಾಗ ಆ ವಿಳಾಸವನ್ನು ಪುಡಿ ಮಾರುವ ಪುಟಕ್ಕೆ ತಿರುಗಿಸುವ ಐಡಿಯಾ ಏಜೆನ್ಸಿ ಕೊಡಬಹುದು. ಬೇಡ. ದರ ಕೇಳಿ ಬಂದ ರೈತನ ಮುಂದೆ ಪ್ಯಾಕೆಟ್ ಇಟ್ಟಂತೆ ಆಗುತ್ತದೆ, ಗೂಗಲ್ ಕೂಡ ಸಂಬಂಧವಿಲ್ಲದ ಇಂಥ ತಿರುವನ್ನು ಪುಟ ಇಲ್ಲ ಎಂದೇ ಲೆಕ್ಕ ಹಿಡಿಯುತ್ತದೆ.

ಹಾಗೇ ಇಟ್ಟು ನಡೆಸಬಹುದು. ಆಗ ಪ್ರತಿ ಟೆಂಡರ್ ದಿನ ಸರಿಯಾದ ದರ ಹಾಕಲೇಬೇಕು. ನಿಮಗೆ ಅಷ್ಟು ಪುರುಸೊತ್ತು ಇದೆಯೇ? ಸರ್ಕಾರದ ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣ ಈ ಕೆಲಸವನ್ನೇ ಮಾಡುತ್ತದೆ, ಪತ್ರಿಕೆಗಳೂ ಮಾಡುತ್ತವೆ. ಇದರಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಬೇರೆಯೇ ಸಂಗತಿ. ಹೋದ ತಿಂಗಳ ದರ ನಿಮ್ಮ ಪುಟದಲ್ಲಿ ‘ಇಂದಿನ ದರ’ ಎಂಬ ತಲೆಬರಹದ ಕೆಳಗೆ ಕೂತಿದ್ದರೆ, ಅದನ್ನು ನಂಬಿ ಯಾರೋ ಒಬ್ಬರು ಚೀಲ ಹೇರಿಕೊಂಡು ಹೊರಡುತ್ತಾರೆ. ವರ್ಷದ ಬೆಳೆ ಅದು. ದಯವಿಟ್ಟು ಇವತ್ತೇ ಆ ಪುಟ ತೆರೆದು ದಿನಾಂಕ ನೋಡಿ. ಹಳೆಯದಿದ್ದರೆ ಬೇರೆಲ್ಲ ಆಮೇಲೆ, ಮೊದಲು ಆ ಸಂಖ್ಯೆ ತೆಗೆಸಿ.

ಮೂರನೆಯ ದಾರಿಯೇ ನನಗೆ ಹೆಚ್ಚು ಇಷ್ಟ. ನೀವೂ ಮೆಣಸಿನಕಾಯಿ ಕೊಳ್ಳುವವರೇ ತಾನೇ? ಮಾಲು ಮಾರಬೇಕೆಂದು ಇರುವ ಸಾವಿರಾರು ಬೆಳೆಗಾರರು ತಾವಾಗಿ ನಿಮ್ಮ ಸೈಟಿಗೆ ಬರುತ್ತಿದ್ದಾರೆ. ಆ ಪುಟವನ್ನು ‘ನಾವು ತೊಟ್ಟು ತೆಗೆದ ಕಡ್ಡಿ, ಡಬ್ಬಿ ಕೊಳ್ಳುತ್ತೇವೆ’ ಎಂದು ಬದಲಿಸಿ. ಅಧಿಕೃತ ದರದ ಕೊಂಡಿ ಕೊಡಿ. ಯಾವ ತಳಿ, ಎಷ್ಟು ಚೀಲ, ಯಾವ ಊರು ಎಂದು ವಾಟ್ಸ್ಆ್ಯಪ್‌ಗೆ ಕಳಿಸಲು ಹೇಳಿ. ಇದರಲ್ಲೂ ಅಪಾಯ ಇದೆ. ನಿಮಗೆ ಬೇಕಿರುವುದು ಕೆಲವೇ ಕ್ವಿಂಟಲ್ ಆದರೆ ದಿನವಿಡೀ ಫೋನ್ ಎತ್ತುವುದೇ ಕೆಲಸ ಆಗುತ್ತದೆ. ರೈತರಿಂದ ನೇರ ಖರೀದಿಗೆ ನಿಯಮ ಏನಿದೆ, ಲೈಸೆನ್ಸ್ ಬೇಕೇ ಎಂದು ಎಪಿಎಂಸಿ ಕಚೇರಿಯಲ್ಲಿ ಕೇಳಿಕೊಂಡ ಮೇಲೆಯೇ ಪುಟ ಹಾಕಿ.

ಮಾರಾಟಕ್ಕೆ ಬೇಕಾದ ಪುಟ ಬೇರೆ. ನಿಮ್ಮ ಪುಡಿಯ ಪುಟವನ್ನು ಕೊಳ್ಳಲು ಬಂದವರ ಕಣ್ಣಿಂದ ಒಮ್ಮೆ ಓದಿ. ನಾನು ಸಣ್ಣ ತಯಾರಕರ ಸೈಟ್ ನೋಡುವಾಗ ಮೊದಲು ಕೇಳುವುದು ಅವರ ವಾಟ್ಸ್ಆ್ಯಪ್ ಸಂಭಾಷಣೆಗಳನ್ನು. ಗಿರಾಕಿ ದುಡ್ಡು ಕಳಿಸುವ ಮೊದಲು ಏನೇನು ಕೇಳಿದ್ದಾರೆ ಎನ್ನುವುದು ಅಲ್ಲಿರುತ್ತದೆ. ತೊಟ್ಟು ತೆಗೆದು ಪುಡಿ ಮಾಡಿದ್ದಾ? ಬಣ್ಣ ಹಾಕಿದ್ದೀರಾ? ಖಾರ ಎಷ್ಟಿದೆ, ಮಕ್ಕಳು ತಿನ್ನಬಹುದಾ? ಬರೀ ಬ್ಯಾಡಗಿಯಾ, ಗುಂಟೂರು ಸೇರಿಸಿದ್ದೀರಾ? ಎಷ್ಟು ತಿಂಗಳು ಇಡಬಹುದು? ಹುಬ್ಬಳ್ಳಿಗೆ ಎಷ್ಟು ದಿನಕ್ಕೆ ಬರುತ್ತದೆ? ಈ ಪ್ರಶ್ನೆಗಳಿಗೆ ಪುಟದಲ್ಲೇ ಉತ್ತರ ಇರಲಿ. ಯಾವ ತಿಂಗಳು ಪುಡಿ ಮಾಡಿದ್ದು, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಆಹಾರ ಲೈಸೆನ್ಸ್ ಸಂಖ್ಯೆ, ಅಂಚೆ ಖರ್ಚು ಸೇರಿ ಒಟ್ಟು ಬೆಲೆ, ಇವೂ ಇರಲಿ. ‘ತೊಟ್ಟು ತೆಗೆದ ಬ್ಯಾಡಗಿ ಪುಡಿ 1 ಕೆಜಿ’ ಎಂಬ ಪದಕ್ಕೆ ಟೂಲ್‌ನಲ್ಲಿ ಹುಡುಕಾಟ ಸೊನ್ನೆ ಎಂದು ಏಜೆನ್ಸಿ ತೋರಿಸಬಹುದು. ಅದನ್ನು ಅಕ್ಷರಶಃ ನಂಬಬೇಡಿ. ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು 15 ಶೇಕಡಾ ಹಿಂದೆಂದೂ ಬಾರದಂಥವು ಎಂದು ಗೂಗಲ್ ಸ್ವತಃ ಹೇಳುತ್ತದೆ. ಇಷ್ಟು ನಿಖರವಾಗಿ ಕೇಳುವ ಇಪ್ಪತ್ತು ಜನ ದರ ಕೇಳುವ ಎರಡು ಸಾವಿರ ಜನಕ್ಕಿಂತ ನಿಮಗೆ ಮುಖ್ಯ.

ಇವೆರಡರ ನಡುವೆ ಇನ್ನೊಂದು ಗುಂಪು ಇದೆ. ಇನ್ನೂ ಕೊಳ್ಳಲು ಹೊರಟಿಲ್ಲ, ಆದರೆ ಹತ್ತಿರ ಇದ್ದಾರೆ. ‘ಬ್ಯಾಡಗಿಗೂ ಗುಂಟೂರಿಗೂ ಏನು ವ್ಯತ್ಯಾಸ’, ‘ಕಡ್ಡಿ ಒಳ್ಳೆಯದಾ ಡಬ್ಬಿ ಒಳ್ಳೆಯದಾ’, ‘ಮೆಣಸಿನಪುಡಿಗೆ ಬಣ್ಣ ಬೆರೆಸಿದ್ದು ಗೊತ್ತಾಗುವುದು ಹೇಗೆ’ ಎಂದು ಕೇಳುವವರು. ಇವರಿಗಾಗಿ ಎರಡು ಮೂರು ಬರಹ ಹಾಕಿ, ಏಜೆನ್ಸಿಯವರ ಕೈಲಿ ಬರೆಸಬೇಡಿ, ನೀವೇ ಬರೆಯಿರಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುವುದು ಎಲ್ಲ ಕಡೆ ಸಿಗುತ್ತದೆ. ಕಡ್ಡಿಯನ್ನೂ ಡಬ್ಬಿಯನ್ನೂ ಅಂಗೈ ಮೇಲೆ ಇಟ್ಟು, ಸುಕ್ಕು ಕಾಣುವ ಹಾಗೆ ತೆಗೆದ ಫೋಟೊ, ಎರಡನ್ನೂ ಬೇರೆ ಬೇರೆ ಪುಡಿ ಮಾಡಿದಾಗ ಬಂದ ಬಣ್ಣ, ಒಂದು ಲೋಟ ನೀರಿನ ಮೇಲೆ ಪುಡಿ ಉದುರಿಸಿದಾಗ ಬಣ್ಣದ ಗೆರೆ ಇಳಿಯುತ್ತದೋ ಇಲ್ಲವೋ ಎಂಬ ವಿಡಿಯೊ, ಇವು ನಿಮ್ಮ ಹತ್ತಿರ ಮಾತ್ರ ಸಿಗುತ್ತವೆ. ನೀರಿನಲ್ಲಿ ಕರಗುವ ಕೃತಕ ಬಣ್ಣ ಮಾತ್ರ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಎಲ್ಲ ಕಲಬೆರಕೆಯೂ ಅಲ್ಲ. ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ.

ಅಡುಗೆ ವಿಧಾನದ ಪುಟಗಳ ಬಗ್ಗೆ ಎಚ್ಚರ. ಸಾರಿನ ಪುಡಿ ಮಾಡುವುದು ಹೇಗೆ ಎಂದು ಹುಡುಕುವವರು ಬಹಳ. ಆದರೆ ಅವರು ಮನೆಯಲ್ಲೇ ಮಾಡಿಕೊಳ್ಳಲು ಹೊರಟವರು. ಅಲ್ಲಿ ಯೂಟ್ಯೂಬ್‌ನವರ ಜೊತೆ ಪೈಪೋಟಿ, ಮೇಲೆ ಈಗ ಗೂಗಲ್‌ನ ಎಐ ಉತ್ತರವೇ ಅಳತೆ ಹೇಳಿಬಿಡುತ್ತದೆ. ಮತ್ತೆ ದರದ ಪುಟದ್ದೇ ಕತೆ ಆಗುವ ಸಾಧ್ಯತೆ ಹೆಚ್ಚು. ಕೈತುಂಬ ಸಮಯ ಇದ್ದರೆ ಮಾತ್ರ ಮಾಡಿ.

ಜಾಹೀರಾತಿನ 6,000 ರೂಪಾಯಿ ಎಲ್ಲಿ ಹೋಯಿತು ಎಂದು ನೋಡಲು ಗೂಗಲ್ ಆ್ಯಡ್ಸ್‌ನಲ್ಲಿ ಸರ್ಚ್ ಟರ್ಮ್ಸ್ ಎಂಬ ವರದಿ ತೆರೆಯಿರಿ. ನೀವು ಹಾಕಿದ ಕೀವರ್ಡ್ ಬೇರೆ, ಜನ ನಿಜವಾಗಿ ಬರೆದದ್ದು ಬೇರೆ. ಅದು ಈ ವರದಿಯಲ್ಲಿ ಕಾಣುತ್ತದೆ. ಕೀವರ್ಡ್ ಹಾಕುವಾಗ ಏನೂ ಗುರುತು ಕೊಡದಿದ್ದರೆ ಅದು ಬ್ರಾಡ್ ಮ್ಯಾಚ್ ಆಗುತ್ತದೆ. ಅಂದರೆ ಸ್ವಲ್ಪ ಸಂಬಂಧ ಇದ್ದರೂ ನಿಮ್ಮ ಜಾಹೀರಾತು ತೋರಿಸಿ ದುಡ್ಡು ಕಡಿಯುತ್ತಾರೆ. ಸಣ್ಣ ಬಜೆಟ್ ಇದ್ದವರು ಎಕ್ಸಾಕ್ಟ್ ಮತ್ತು ಫ್ರೇಸ್ ಮ್ಯಾಚ್‌ನಿಂದ ಶುರು ಮಾಡುವುದು ಕ್ಷೇಮ. ಅವುಗಳಲ್ಲಿ ನೀವು ಹಾಕಿದ ಪದದ ಅರ್ಥಕ್ಕೆ ಹತ್ತಿರ ಇರುವ ಹುಡುಕಾಟಕ್ಕೆ ಮಾತ್ರ ಜಾಹೀರಾತು ಹೋಗುತ್ತದೆ. ಡಿಸ್‌ಪ್ಲೇ ನೆಟ್‌ವರ್ಕ್ ಎಂಬ ಟಿಕ್ ತೆಗೆಸಿ, ಅದು ಹುಡುಕಾಟದ ಹೊರಗೆ ಬೇರೆ ಸೈಟ್‌ಗಳಲ್ಲಿ ಜಾಹೀರಾತು ತೋರಿಸುತ್ತದೆ. ಆಮೇಲೆ ಬೇಡದ ಪದಗಳ ಪಟ್ಟಿ, ನೆಗೆಟಿವ್ ಕೀವರ್ಡ್ಸ್: ಎಪಿಎಂಸಿ, ಕ್ವಿಂಟಲ್, ಮಾರುಕಟ್ಟೆ, ಟುಡೇ, ಇಂದಿನ, ಬೀಜ. ಇಲ್ಲೊಂದು ಸೂಕ್ಷ್ಮ ಇದೆ. ನೆಗೆಟಿವ್ ಪದಕ್ಕೆ ಸಮಾನಾರ್ಥಕ ಪದ ತಾನಾಗಿ ಸೇರುವುದಿಲ್ಲ. ಹಾಗಾಗಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬೇರೆ ಬೇರೆ ಹಾಕಬೇಕು. ‘ಪ್ರೈಸ್’, ‘ಬೆಲೆ’ ಎಂಬ ಪದಗಳನ್ನು ಮಾತ್ರ ತಡೆಯಬೇಡಿ. ‘ಬ್ಯಾಡಗಿ ಪುಡಿ 1 ಕೆಜಿ ಬೆಲೆ’ ಎಂದು ಕೇಳುವವರು ಪಕ್ಕಾ ಗಿರಾಕಿ. ಅವರನ್ನೂ ಹೊರಗೆ ಹಾಕಿದ ಹಾಗಾಗುತ್ತದೆ. ಪುಡಿಯ ಪುಟ ಸರಿ ಆಗುವ ತನಕ ಜಾಹೀರಾತು ನಿಲ್ಲಿಸಿಬಿಡಿ.

ಇಷ್ಟೆಲ್ಲ ಮಾಡಿದ ಮೇಲೆ ಭೇಟಿ ಕಡಿಮೆ ಆಗುತ್ತದೆ. ಬಹುಶಃ ನೂರರ ಲೆಕ್ಕಕ್ಕೆ ಇಳಿಯಬಹುದು. ಗೂಗಲ್ ಹೊಸ ಪುಟಗಳನ್ನು ಗುರುತಿಸಿ ಮೇಲೆ ತರಲು ಕೆಲವು ವಾರದಿಂದ ಕೆಲವು ತಿಂಗಳು ಹಿಡಿಯುತ್ತದೆ, ಬರುತ್ತದೆ ಎಂದು ಯಾರೂ ಗ್ಯಾರಂಟಿ ಕೊಡಲಾರರು. ದೊಡ್ಡ ಬ್ರ್ಯಾಂಡ್‌ಗಳು, ದೊಡ್ಡ ಮಾರಾಟದ ಆ್ಯಪ್‌ಗಳು ‘ಮೆಣಸಿನಪುಡಿ’ ಎಂಬ ಪದದಲ್ಲಿ ಮೇಲೆಯೇ ಇರುತ್ತವೆ. ಅವರ ಜೊತೆ ಗುದ್ದಾಡಬೇಡಿ. ಪ್ರತಿ ತಿಂಗಳು ಎರಡು ಲೆಕ್ಕ ಮಾತ್ರ ಬರೆದಿಡಿ: ಪುಡಿಯ ಪುಟಕ್ಕೆ ಬಂದವರಲ್ಲಿ ಎಷ್ಟು ಜನ ವಾಟ್ಸ್ಆ್ಯಪ್ ಬಟನ್ ಒತ್ತಿದರು, ಅದರಲ್ಲಿ ಎಷ್ಟು ಆರ್ಡರ್ ಆಯಿತು.

ಏಜೆನ್ಸಿಯನ್ನು ಇವತ್ತೇ ಬಿಡಿ ಎಂದು ನಾನು ಹೇಳುವುದಿಲ್ಲ. ಮುಂದಿನ ತಿಂಗಳ ದುಡ್ಡು ಕೊಡುವ ಮೊದಲು ಅವರನ್ನು ಇದನ್ನು ಕೇಳಿ: ‘ನೀವು ಆರಿಸಿದ ಹತ್ತು ಪದಗಳನ್ನು ಯಾರು ಹುಡುಕುತ್ತಾರೆ, ಹುಡುಕಿದ ಮೇಲೆ ಅವರು ಏನು ಮಾಡುತ್ತಾರೆ?’ ಪದಕ್ಕೊಂದು ವಾಕ್ಯದಲ್ಲಿ ಉತ್ತರ ಬರೆದು ಕೊಡಲಿ. ಕೊಟ್ಟರೆ ಅವರ ಜೊತೆ ಕೆಲಸ ಮುಂದುವರಿಸಬಹುದು. ಕೊಡದಿದ್ದರೆ ಬದಲಿಸಿ. ಬದಲಿಸುವ ಮಾತು ಎತ್ತುವ ಮೊದಲು ಮಾತ್ರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ವಿಷಯ ನೋಡಿಕೊಳ್ಳಿ. ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇದೆಯೇ? ಸರ್ಚ್ ಕನ್ಸೋಲ್‌ನಲ್ಲಿ ಓನರ್ ಆಗಿ ನಿಮ್ಮ ಇಮೇಲ್ ಇದೆಯೇ? ಆ್ಯಡ್ಸ್ ಖಾತೆಗೆ ಅಡ್ಮಿನ್ ಯಾರು? ಮೂರೂ ನಿಮ್ಮ ಕೈಗೆ ಬಂದ ಮೇಲೆ ಮಾತಾಡಿ.